ತಂತಿಯ ಕೆಳಗಿನ ಅಂಗಳ

ಚೇತನ್‌ಕುಮಾರ್ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿ, ಟವೆಲ್ಲು ಮಡಿಸಿ ಹೆಗಲ ಮೇಲಿಟ್ಟುಕೊಂಡು, ಬಗ್ಗಿ ಹೆಣ ಹೊರುವ ವಿಮಾನದ ಪೈಪಿಗೆ ಕೈ ಹಾಕಿದವನು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಎದುರುಗಡೆ ಹಿಡಿಯಲು ಬಗ್ಗಿದ್ದ ಚಿಕ್ಕಪ್ಪನ ಮಗನೂ ಅದೇ ಹೊತ್ತಿಗೆ ಬೆರಳು ಕೊಡವಿದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಇಬ್ಬರ ನಡುವೆ, ಕಬ್ಬಿಣದ ಪೈಪುಗಳ ಗೂಡಿನೊಳಗೆ, ಚೇತನ್‌ಕುಮಾರನ ಅವ್ವ ಶಿವಗಂಗಮ್ಮ ಹಣೆ ತುಂಬ ವಿಭೂತಿ ಬಳಿಸಿಕೊಂಡು ಕಾಲು ಮಡಿಚಿ ಕೂತಿದ್ದಳು.

“ಏನಾತಲೇ?” ದೊಡ್ಡಪ್ಪ ಕೇಳಿದ.

“ಚುರ್ ಅಂತು.”

“ಏನು ಚುರ್ ಅಂತು?”

ಚೇತನ್‌ಕುಮಾರ್ ಅಂಗೈ ತಿರುಗಿಸಿ ನೋಡಿಕೊಂಡ. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವನಿಗೇ ಗಾಬರಿಯಾದಂತಿತ್ತು. ಅದು ಅವ್ವನ ಮಾತು.

ಅವರ ಮಂದಿಯಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಹೊರುತ್ತಾರೆ. ಮೊದಲೆಲ್ಲ ಬಿದಿರು, ಬಾಳೆದಿಂಡಿನ ವಿಮಾನ ಕಟ್ಟುತ್ತಿದ್ದರು. ಈಚೆಗೆ ಬಾಗೂರಿನ ಯುವಕ ಸಂಘದವರು ಎಲ್ಲರಿಗೂ ಅನುಕೂಲವಾಗಲೆಂದು ಒಂದು ಕಬ್ಬಿಣದ್ದನ್ನೇ ಮಾಡಿಸಿಟ್ಟಿದ್ದರು. ಮೇಲೆ ಗೋಪುರದ ಹಾಗೆ ಬಾಗಿಸಿದ ಪೈಪು, ಹಿಡಿಯುವ ಕಡೆ ಬಣ್ಣ ಎದ್ದು ಹೊಳೆಯುತ್ತಿದ್ದ ಕಬ್ಬಿಣ. ರಾತ್ರಿ ತುಂತುರು ಬಿದ್ದು ಅಂಗಳವೆಲ್ಲ ಕೆಸರಾಗಿದ್ದರಿಂದ ಅದನ್ನು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಇಟ್ಟಿದ್ದರು. ಹೂವು ಕಟ್ಟಿದವರು, ಅವ್ವನನ್ನು ಎತ್ತಿ ತಂದು ಕೂರಿಸಿದವರು, ಎಲ್ಲರೂ ಕೆಸರಿಗೆ ಹೆದರಿ ಚಪ್ಪಲಿ ಮೆಟ್ಟಿಕೊಂಡೇ ಓಡಾಡಿದ್ದರು. ಹೊರುವಾಗ ಮಾತ್ರ ಬರಿಗಾಲಲ್ಲಿರಬೇಕು ಎಂದು ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಹೇಳಿದ್ದರು.

ದೊಡ್ಡಪ್ಪ ಮುಂದೆ ಬಂದು ತಾನೂ ಚಪ್ಪಲಿ ಬಿಟ್ಟು ಪೈಪಿಗೆ ಒಂದು ಬೆರಳು ತಾಗಿಸಿದ. ಬೆರಳನ್ನು ಬಾಯಿಗಿಟ್ಟುಕೊಂಡ. ಮತ್ತೆ ಚಪ್ಪಲಿ ಮೆಟ್ಟಿ ತಾಗಿಸಿದ. ಈ ಸಲ ಏನೂ ಆಗಲಿಲ್ಲ. ಸುತ್ತಲಿನ ಜನರ ಮುಖವನ್ನೊಮ್ಮೆ ನೋಡಿ, ಹೊಸದೇನೋ ಅರ್ಥವಾದವನಂತೆ ತಲೆಯಾಡಿಸಿದ.

“ಶಿವಗಂಗಿಗೆ ಮನೆ ಬಿಟ್ಟು ಹೋಗಾಕೆ ಮನಸ್ಸಿಲ್ಲ,” ಅಂದ.

ಹೆಂಗಸರ ಅಳು ಅರ್ಧಕ್ಕೆ ನಿಂತಿತು. ಆಗ ಮೇಲಿನ ಸದ್ದು ಕೇಳಿಸಿತು. ಮನೆಯ ಸೂರಿಗೂ ಮೋಡಕ್ಕೂ ನಡುವೆ ಜೋಲುತ್ತಿದ್ದ ಹೈಟೆನ್ಷನ್ ತಂತಿಗಳು ಒದ್ದೆ ಗಾಳಿಯಲ್ಲಿ ಗುಂಯ್‌ಗುಡುತ್ತಿದ್ದವು. ಆ ಮನೆಯವರ ಕಿವಿ ಅದನ್ನು ಕೇಳಿಸಿಕೊಳ್ಳುವುದು ಬಿಟ್ಟು ಬಹಳ ಕಾಲವಾಗಿತ್ತು.

*

ಲೈನು ಬಂದ ವರ್ಷ ಶಿವಗಂಗಮ್ಮನ ಗಂಡ ರುದ್ರಪ್ಪ ಮನೆಯ ಗೋಡೆಗೆ ಇನ್ನೂ ಸುಣ್ಣ ಹೊಡೆಸಿರಲಿಲ್ಲ. ಈ ಕಡೆ ಹೊಲದಲ್ಲೊಂದು ಟವರು, ಆ ಕಡೆ ಹೊಲದಲ್ಲೊಂದು ಟವರು. ತಂತಿ ಅತಿ ಕೆಳಗೆ ಇಳಿದು ಹಾಯುವ ಜಾಗಕ್ಕೆ ಸರಿಯಾಗಿ ಅವರ ಅಂಗಳ. ತಂತಿಗೆ ತಾಗುತ್ತವೆಂದು ತೆಂಗಿನಮರಗಳನ್ನು ಕಡಿದುಹಾಕಿದರು. ಮನೆಯನ್ನು ಬೇರೆ ಕಡೆ ಕಟ್ಟಿಕೊಳ್ಳಿ ಎಂದರೆ ರುದ್ರಪ್ಪ ಒಪ್ಪಲಿಲ್ಲ. ತಂತಿ ಅದರ ಪಾಡಿಗೆ ಅದು ಮೇಲಿರುತ್ತದೆ, ನಾವು ನಮ್ಮ ಪಾಡಿಗೆ ಕೆಳಗಿರುತ್ತೇವೆ ಎಂದ.

ಮೊದಲು ಚುರ್ ಅಂದದ್ದು ಬಟ್ಟೆ ಒಣಹಾಕುವ ತಂತಿ. ಆಮೇಲೆ ಕೊಟ್ಟಿಗೆಯ ತಗಡು. ಒಮ್ಮೆ ಮಳೆಯಲ್ಲಿ ಕೊಡೆಯ ಕಡ್ಡಿ ಅವಳ ಕೆನ್ನೆಯನ್ನು ಕಚ್ಚಿತು. ಶಿವಗಂಗಮ್ಮ ಗಂಡನಿಗೆ ಹೇಳಿದಳು. ಬಾಗೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರುದ್ರಪ್ಪನ ಕಾಲಲ್ಲಿ ಯಾವಾಗಲೂ ಟೈರಿನ ಚಪ್ಪಲಿ. ಅವನು ಬಂದು ಬಟ್ಟೆಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು, “ಎಲ್ಲೈತೆ?” ಎಂದು ಕೇಳಿದ. ಆಮೇಲೆ ಬಂದವರೆಲ್ಲ ಹಾಗೇ ಹಿಡಿದು ನೋಡಿದರು. ದೊಡ್ಡಪ್ಪ ನೋಡಿದ, ಚೇತನ್‌ಕುಮಾರ್ ನೋಡಿದ, ಲೈನು ನೋಡಿಕೊಳ್ಳುವ ನೌಕರನೊಬ್ಬ ದಪ್ಪ ಬೂಟು ಹಾಕಿಕೊಂಡು ಬಂದು ನೋಡಿದ. ಯಾರಿಗೂ ಏನೂ ಆಗಲಿಲ್ಲ.

ಅಂಗಳ ಸಾರಿಸುವವರು ಚಪ್ಪಲಿ ಮೆಟ್ಟುವುದಿಲ್ಲ. ಆ ಮನೆಯಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ತಂತಿ ಮುಟ್ಟುತ್ತಿದ್ದವಳು ಅವಳೊಬ್ಬಳೇ. ಇದನ್ನು ಯಾರೂ ಗಮನಿಸಲಿಲ್ಲ, ಅವಳೂ ಗಮನಿಸಲಿಲ್ಲ. ತನ್ನ ಮೈಯಲ್ಲೇ ಏನೋ ಇದೆ ಎಂದುಕೊಂಡಳು. ಅಯ್ಯನವರು ತಾಯತ ಕಟ್ಟಿದರು. ಹೊಳಲ್ಕೆರೆಯ ಡಾಕ್ಟರೊಬ್ಬರು ನರದ ಮಾತ್ರೆ ಕೊಟ್ಟರು. ಮಾತ್ರೆ ನುಂಗಿ ಅವಳು ಹಗಲೂ ನಿದ್ದೆಗಣ್ಣಲ್ಲಿ ಓಡಾಡಿದಳು, ನಿದ್ದೆಗಣ್ಣಲ್ಲೇ ಚುರ್ ಅನ್ನಿಸಿಕೊಂಡಳು.

*

“ಗಂಡನ ಪಕ್ಕ ಬಿಟ್ಟು ಎಲ್ಲಿಗೋ ಒಯ್ತೀವಿ ಅಂದ್ರೆ ಬರ್ತಾಳಾ?” ದೊಡ್ಡಪ್ಪ ಹೇಳುತ್ತಿದ್ದ. “ದಿಬ್ಬದಾಚೆ ತೋಡಿರೋ ಗುಣಿ ಮುಚ್ಚಿಸ್ರಿ. ಇಲ್ಲೇ ಹಿತ್ತಿಲಾಗೆ ರುದ್ರಪ್ಪನ ಮಗ್ಗುಲಿಗೆ ಮಾಡಾಣ.”

ಮಗಳು ಮಮತಾ ಆಗ ಜಗಲಿಯಿಂದ ಇಳಿದು ಬಂದಳು. ಚಿತ್ರದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು ಅವಳು. ಬೆಳಗಿನ ಜಾವ ಬಂದಾಗಿನಿಂದ ಅವಳು ಒಂದೇ ಒಂದು ವಿಷಯಕ್ಕೆ ಹಟ ಹಿಡಿದಿದ್ದಳು. ದಿಬ್ಬದಾಚೆಯ ಹೊಲ. ಕಳೆದ ಸಲ ಅವರೆಕಾಯಿ ಬಿಡಿಸಲು ಅಲ್ಲಿಗೆ ಹೋದಾಗ ಅವ್ವ ಬದುವಿನ ಮೇಲೆ ಕೂತು, ಸೆರಗು ಸರಿಸಿ ಕಿವಿಯನ್ನು ಗಾಳಿಗೊಡ್ಡಿದ್ದಳು. ಇಲ್ಲಿ ಆ ಸದ್ದಿಲ್ಲ ನೋಡು ಎಂದಿದ್ದಳು. ನನ್ನನ್ನು ತಂತಿ ಕೆಳಗೆ ಹೂಳಬೇಡಿ, ಇಲ್ಲಿಗೆ ತನ್ನಿ ಎಂದಿದ್ದಳು. ಅವ್ವ ಇಡೀ ಆಯುಷ್ಯದಲ್ಲಿ ಬಾಯಿಬಿಟ್ಟು ಕೇಳಿದ್ದು ಅಷ್ಟೇ. ಪಕ್ಕದ ಮನೆಯ ಹೊನ್ನಕ್ಕ ಜೊತೆಗಿದ್ದಳು, ಅವಳೂ ಸಾಕ್ಷಿ. ಹೆಂಡತಿಯ ಸಮಾಧಿ ಗಂಡನ ಪಕ್ಕದಲ್ಲೇ ಇರಬೇಕೆನ್ನುವವರ ನಡುವೆ ಚೇತನ್‌ಕುಮಾರನನ್ನು ಒಪ್ಪಿಸುವಷ್ಟರಲ್ಲಿ ಬೆಳಗಾಗಿತ್ತು.

“ದೊಡ್ಡಪ್ಪ, ಅದು ಅವ್ವ ಅಲ್ಲ. ಲೈನಿಂದು,” ಅಂದಳು.

“ತಂತಿ ಎಲ್ಲೈತೆ, ವಿಮಾನ ಎಲ್ಲೈತೆ? ಮುಟ್ಟೈತಾ?”

ಮುಟ್ಟಬೇಕಾಗಿಲ್ಲ ಎಂದು ಅವಳು ಹೇಳತೊಡಗಿದಳು. ತಂತಿಯಲ್ಲಿರುವ ಚಾರ್ಜು ಕೆಳಗಿನ ಕಬ್ಬಿಣದಲ್ಲಿರುವ ಚಾರ್ಜನ್ನು ದೂರದಿಂದಲೇ ಎಳೆಯುತ್ತದೆ, ತಳ್ಳುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಮೇಲಿರುವುದರಿಂದ ಅದಕ್ಕೆ ಭೂಮಿಗಿಳಿಯಲು ದಾರಿಯಿಲ್ಲ. ಬರಿಗಾಲಿನವರು ಮುಟ್ಟಿದರೆ ಅವರ ಮೈಯೇ ದಾರಿ. ತರಗತಿಯಲ್ಲಿ ಹೇಳುವಾಗ ಅಷ್ಟು ನಯವಾಗಿ ಬರುತ್ತಿದ್ದ ಮಾತು ಇಲ್ಲಿ ಹೂವಿನ ವಾಸನೆ, ಊದುಬತ್ತಿಯ ಹೊಗೆಯ ನಡುವೆ ಸುಳ್ಳಿನಂತೆ ಕೇಳಿಸಿತು. ಹೊರುವವರು ಚಪ್ಪಲಿ ಮೆಟ್ಟಿಕೊಂಡರೆ ಸಾಕು, ಏನೂ ಆಗುವುದಿಲ್ಲ ಎಂದಳು.

“ಚಪ್ಪಲಿ ಮೆಟ್ಕಂಡು ಲಿಂಗಧಾರಿ ಹೆಣ ಹೊರಾದು ಬ್ಯಾಡಮ್ಮ,” ಅಯ್ಯನವರು ಮೆಲ್ಲಗೆ ಅಂದರು.

“ಚಪ್ಪಲಿ ಹಾಕ್ಕಂಡು ಮುಟ್ಟಿದ್ರೆ ಹೆಣಕ್ಕೂ ಬೇಜಾರಾಗಿ ಸುಮ್ನಾಗ್ತೈತೆ,” ದೊಡ್ಡಪ್ಪ ಅಂದ. “ಅದ್ಕೇ ಆಗ ಏನೂ ಆಗ್ಲಿಲ್ಲ.”

ಜಗಲಿಯ ಕಂಬಕ್ಕೊರಗಿದ್ದ ಹೊನ್ನಕ್ಕ ಎಲೆಅಡಿಕೆ ಉಗುಳಿ ಬಂದಳು. “ಬದುಕಿದ್ದಾಗ ಚುರ್ ಅಂತೈತೆ ಅಂದ್ರೆ ಮಾತ್ರೆ ನುಂಗಿಸಿದ್ರಿ. ಈಗ ನಿಮ್ಗೆ ಚುರ್ ಅಂದ್ರೆ ಅವ್ಳು ದೇವ್ರಾದ್ಲು. ನೀವೊಂದೊಂದು ಮಾತ್ರೆ ನುಂಗ್ರಿ ಮತ್ತೆ.”

ಯಾರೋ ನಕ್ಕರು, ಕೂಡಲೇ ಕೆಮ್ಮಿದರು. ಚೇತನ್‌ಕುಮಾರ್ ನಗಲಿಲ್ಲ. ರಾತ್ರಿಯಿಂದ ಅವನು ಕೂತಿರಲಿಲ್ಲ. ತಂಗಿಯ ಹತ್ತಿರ ಬಂದು ದನಿ ತಗ್ಗಿಸಿದ.

“ಮಣ್ಣೊಳಗೆ ಏನೂ ಇರಲ್ಲ ಅಂತ ನೀನೇ ಹೇಳಿದ್ದೆ ಒಂದ್ಸಲ. ಭೂಮಿ ಎಲ್ಲಾನೂ ನುಂಗ್ತೈತೆ, ಒಳಗೆ ಕರೆಂಟಿನ ಎಳೆತ ಇರಲ್ಲ ಅಂತ. ಹೇಳಿದ್ದೆಯೋ ಇಲ್ವೋ?”

“ಹೇಳಿದ್ದೆ.”

“ಅಂಗಾರೆ ಇಲ್ಲಿ ಆದ್ರೇನು, ಅಲ್ಲಿ ಆದ್ರೇನು? ಜನ ನೋಡ್ತಾ ಅವ್ರೆ, ಮಮತಾ. ಸಾಕು.”

ಅವನು ಹೇಳಿದ್ದು ನಿಜ. ಆರಡಿ ಮಣ್ಣಿನ ಕೆಳಗೆ ಆ ತಂತಿಯ ಕೈ ಎಟುಕುವುದಿಲ್ಲ. ಅವ್ವನ ಪರವಾಗಿ ಹೇಳಲು ಮಮತಾಳ ಬಳಿ ಇದ್ದದ್ದು ಒಂದೇ ವಿದ್ಯೆ. ಅದೇ ಈಗ ಅಣ್ಣನ ಪಕ್ಕ ಹೋಗಿ ನಿಂತಿತ್ತು.

ಹಿತ್ತಿಲಿನಲ್ಲಿ ಗುದ್ದಲಿ ಬಿದ್ದ ಸದ್ದಾಯಿತು.

*

ದ್ವಿತೀಯ ಪಿಯುಸಿಯಲ್ಲಿ ಮಮತಾ ದಿನವೂ ಬಸ್ಸಿನಲ್ಲಿ ಹೊಸದುರ್ಗಕ್ಕೆ ಓಡಾಡುತ್ತಿದ್ದಳು. ಭೌತಶಾಸ್ತ್ರದ ಮೊದಲ ಪಾಠವೇ ಅದು. ಎರಡು ಚಾರ್ಜು, ನಡುವೆ ಖಾಲಿ ಜಾಗ, ಆದರೂ ಒಂದು ಇನ್ನೊಂದನ್ನು ಎಳೆಯುತ್ತದೆ ಇಲ್ಲವೇ ತಳ್ಳುತ್ತದೆ. ಬೋರ್ಡಿನ ಮೇಲೆ ಬಾಣದ ಗೆರೆಗಳನ್ನೆಳೆದು ಲೆಕ್ಚರರು ಹೇಳಿದ್ದರು: ಒಂದು ಚಾರ್ಜು ಇದ್ದರೆ ಸಾಕು, ಅದರ ಸುತ್ತಲಿನ ಜಾಗ ಮೊದಲಿನಂತೆ ಉಳಿಯುವುದಿಲ್ಲ. ಅದಕ್ಕೆ ವಿದ್ಯುತ್ ಕ್ಷೇತ್ರ ಅನ್ನುತ್ತಾರೆ. ಅದರೊಳಗೆ ಬಂದು ನಿಂತ ಇನ್ನೊಂದು ಚಾರ್ಜನ್ನು ಅದು ಬಿಡುವುದಿಲ್ಲ. ಉಳಿದವರು ಗೆರೆಗಳನ್ನು ಕಾಪಿ ಮಾಡಿಕೊಂಡರು. ಮಮತಾ ತಮ್ಮ ಅಂಗಳ ನೆನೆದು ಪೆನ್ನು ಕೆಳಗಿಟ್ಟಳು.

ಆ ಸಂಜೆ ಅಪ್ಪನ ಅಂಗಡಿಯಿಂದ ಕೆಟ್ಟುಹೋದ ಟ್ಯೂಬ್‌ಲೈಟೊಂದನ್ನು ತಂದಳು. ಹೊತ್ತು ಮುಳುಗಿದ ಮೇಲೆ ಅವ್ವನನ್ನು ಅಂಗಳಕ್ಕೆ ಕರೆದು ಅದನ್ನು ತಂತಿಯ ಕಡೆಗೆ ನೆಟ್ಟಗೆ ಎತ್ತಿ ಹಿಡಿದಳು. ಎಲ್ಲಿಗೂ ಸಿಕ್ಕಿಸದ ಆ ಗಾಜಿನ ಕೊಳವೆಯೊಳಗೆ ಹಾಲು ಬೆರೆಸಿದ ನೀರಿನಂಥ ಬೆಳಕು ಮೂಡಿತು. ಶಿವಗಂಗಮ್ಮ ಅದನ್ನು ತನ್ನ ಕೈಗೆ ತೆಗೆದುಕೊಂಡಳು. ಬೆಳಕು ಅವಳ ಕೈಯಲ್ಲೂ ಉಳಿಯಿತು.

“ಮುಟ್ಟದೇನೆ ಹಿಡ್ಕಂತೈತೆ,” ಅಂದಳು.

“ಹ್ಞೂ.”

“ಅಂಗಾರೆ ನಂಗೆ ತಲೆ ಕೆಟ್ಟಿಲ್ಲ.”

ಅವ್ವ ನಕ್ಕದ್ದನ್ನು ಮಮತಾ ಆ ಬೆಳಕಿನಲ್ಲಿ ನೋಡಿದಳು. ಅವ್ವ ಬಾಗಿಲಲ್ಲಿ ನಗುವವಳಲ್ಲ, ನೆಂಟರೆದುರು ನಗುವವಳಲ್ಲ. ಆ ನಗು ಮುಗಿಯುವ ಮೊದಲೇ ಅವಳು ಕೇಳಿದಳು, “ಎಷ್ಟು ದೂರ ಹೋದ್ರೆ ಬಿಡ್ತೈತೆ?”

ಮಮತಾ ಆ ದಿನ ಕಲಿತದ್ದನ್ನು ಹೇಳಿದಳು. ಎರಡು ಚಾರ್ಜುಗಳ ನಡುವಿನ ದೂರ ಎರಡರಷ್ಟಾದರೆ ಬಲ ಕಾಲುಭಾಗ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ.

“ಅಂಗೆ ಹೋಗ್ತಾ ಹೋಗ್ತಾ ಒಂದ್ಕಡೆ ಬಿಟ್ಟೇ ಬಿಡ್ತೈತಲ್ಲ?”

“ಇಲ್ಲವ್ವ. ಸೊನ್ನೆ ಆಗಲ್ಲ. ಕಮ್ಮಿ ಆಗ್ತಾ ಹೋಗ್ತೈತೆ ಅಷ್ಟೆ.”

ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಸಿಗುತ್ತಿದ್ದ ಉತ್ತರ. ಶಿವಗಂಗಮ್ಮ ಟ್ಯೂಬನ್ನು ನಿಧಾನವಾಗಿ ಅಡ್ಡ ಮಲಗಿಸಿ ನೆಲಕ್ಕಿಟ್ಟಳು. ಬೆಳಕು ಹೋಯಿತು. ರೊಟ್ಟಿ ತಟ್ಟಬೇಕು ಎಂದು ಒಳಗೆ ಹೋದಳು.

ರುದ್ರಪ್ಪ ವಿಷಯ ಕೇಳಿ, ಬಿಟ್ಟಿ ದೀಪ ಸಿಕ್ಕಿತು ಬಿಡು ಎಂದು ನಕ್ಕ.

ಡಿಗ್ರಿಗೆ ಹೋದ ಮೇಲೆ ಒಂದು ರಜೆಯಲ್ಲಿ ಮಮತಾ ಕೊಟ್ಟಿಗೆಯ ತಗಡಿಗೆ ದನದ ಸರಪಣಿಯೊಂದನ್ನು ಬಿಗಿದು, ಇನ್ನೊಂದು ತುದಿಯನ್ನು ನೆಲದಲ್ಲಿ ಹೂತಳು. ತಗಡು ಚುರ್ ಅನ್ನುವುದು ನಿಂತಿತು. ಕೆಲವು ದಿನ ಶಿವಗಂಗಮ್ಮ ಕೆಲಸವಿಲ್ಲದಿದ್ದರೂ ಹೋಗಿ ತಗಡಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು. ಆಮೇಲೊಂದು ದಿನ ಎಮ್ಮೆ ಹಗ್ಗ ಕಿತ್ತುಕೊಂಡಿತು. ರುದ್ರಪ್ಪ ಸರಪಣಿ ಬಿಚ್ಚಿ ಅದಕ್ಕೆ ಕಟ್ಟಿದ. ಶಿವಗಂಗಮ್ಮ ಬಟ್ಟೆ ಒಣಹಾಕುವ ತಂತಿಯನ್ನು ಕಿತ್ತು ಅಲ್ಲಿ ತೆಂಗಿನನಾರಿನ ಹಗ್ಗ ಕಟ್ಟಿಕೊಂಡಳು. ಚುರ್ ಅನ್ನುವ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ. ಮಾತ್ರೆ ನಾಟಿತು ಎಂದು ಎಲ್ಲರೂ ಹೇಳಿದರು.

*

“ಮಣ್ಣೊಳಗೆ ಇರಲ್ಲಣ್ಣ,” ಮಮತಾ ಹೇಳಿದಳು. “ಆದ್ರೆ ಅವ್ವ ಕೇಳಿದ್ದು ಅದಲ್ಲ. ಇಲ್ಲಿಂದ ಹೋಗ್ಬೇಕು ಅಂದಿದ್ಲು.”

“ಹೋಗಾಳೆ ಬರಲ್ಲ ಅಂತ ಕುಂತವ್ಳಲ್ಲ,” ಅಂದ ದೊಡ್ಡಪ್ಪ.

ಹಿತ್ತಿಲಿನ ಗುದ್ದಲಿ ಒಂದು ಲಯಕ್ಕೆ ಬಿದ್ದಿತ್ತು. ಮಮತಾ ತನ್ನ ಕಾಲು ನೋಡಿಕೊಂಡಳು. ಚಪ್ಪಲಿ. ರಜೆಗೆ ಬಂದಾಗಲೆಲ್ಲ ಈ ಅಂಗಳದಲ್ಲಿ ಅವಳೂ ಚಪ್ಪಲಿ ಮೆಟ್ಟಿಯೇ ಓಡಾಡಿದ್ದಳು. ಕಳಚಿ ಕೆಸರಿಗಿಳಿದು, ವಿಮಾನದ ಹತ್ತಿರ ಹೋಗಿ, ಬಣ್ಣ ಎದ್ದ ಕಡೆ ಬೆರಳಿಟ್ಟಳು. ಸೂಜಿ ಚುಚ್ಚಿದಂತೆ, ಆದರೆ ಸೂಜಿಯಿಲ್ಲ. ದೊಡ್ಡ ನೋವೇನಲ್ಲ. ಹೇಳಿಕೊಂಡರೆ ನಗುವಷ್ಟೇ ಸಣ್ಣದು. ಅವ್ವನ ಹಣೆಯ ವಿಭೂತಿ ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು.

ಹಿಂದೆ ಗಣಗಣ ಸದ್ದಾಯಿತು. ಚೇತನ್‌ಕುಮಾರನ ಹೆಂಡತಿ ಸುಮಾ ಕೊಟ್ಟಿಗೆಯಿಂದ ಬರುತ್ತಿದ್ದಳು. ಕೈಯಲ್ಲಿ ಆ ಸರಪಣಿ. ಎಮ್ಮೆ ಮಾರಿ ಎಷ್ಟೋ ಕಾಲವಾಗಿ, ಅದು ಗೂಟದಲ್ಲೇ ನೇತಾಡುತ್ತಿತ್ತು. ಬೆಳಗಿನಿಂದ ಯಾರ ಕಣ್ಣಿಗೂ ಬೀಳದಂತೆ ನೀರು ಹೊತ್ತು, ಒಲೆ ಉರಿಸಿ, ಬಂದವರಿಗೆಲ್ಲ ಟೀ ಕೊಟ್ಟವಳು. ಬರಿಗಾಲು, ಮೊಣಕಾಲವರೆಗೆ ಕೆಸರು.

“ಎಲ್ಲಿಗೆ ಕಟ್ಬೇಕು, ಮಮತಾ?”

“ನಿಂಗ್ಯಾಕೆ ಇದೆಲ್ಲ?” ಚೇತನ್‌ಕುಮಾರ್ ಅಂದ. “ಒಳಗೆ ಹೋಗು.”

“ನಂಗೂ ಚುರ್ ಅಂತೈತೆ,” ಅಂದಳು ಸುಮಾ.

ಅವನು ಹೆಂಡತಿಯನ್ನು ಗುರುತು ಹಿಡಿಯಲಾರದವನಂತೆ ನೋಡಿದ. “ಯಾವಾಗ್ಲಿಂದ?”

“ಈ ಮನೆಗೆ ಬಂದಾಗ್ಲಿಂದ.”

“ಮತ್ಯಾಕೆ ಹೇಳ್ಲಿಲ್ಲ?”

ಸುಮಾ ವಿಮಾನದ ಕಡೆ ನೋಡಿದಳು. “ಅತ್ತೆ ಹೇಳಿದ್ರಲ್ಲ.”

ಅಯ್ಯನವರು ಗಂಟಲು ಸರಿಮಾಡಿಕೊಂಡರು. ತಾನು ಬೇಡ ಅಂದದ್ದು ಚಪ್ಪಲಿ, ಸರಪಣಿ ಬೇಡ ಎಂದು ಯಾವ ಶಾಸ್ತ್ರದಲ್ಲೂ ಕಂಡಿಲ್ಲ ಎಂದರು.

ಮಮತಾ ತೋರಿಸಿದ ಕಡೆ, ಬರಿ ಕಬ್ಬಿಣ ಕಾಣುವ ಜಾಗಕ್ಕೆ, ಸುಮಾ ಸರಪಣಿಯ ಕೊಂಡಿ ಸಿಕ್ಕಿಸಿದಳು. ಸಿಕ್ಕಿಸುವ ಮೊದಲು ಕೊಂಡಿಗೂ ಪೈಪಿಗೂ ನಡುವೆ ಸಾಸಿವೆ ಸಿಡಿದಂತೆ ಒಂದು ಸದ್ದಾಯಿತು. ಆಮೇಲೆ ಇಲ್ಲ. ಸರಪಣಿಯ ಉದ್ದನೆಯ ಬಾಲ ಕೆಸರಿನಲ್ಲಿ ಬಿದ್ದಿತ್ತು. ಸುಮಾ ಎರಡೂ ಅಂಗೈಯನ್ನು ಪೈಪಿಗೆ ಒತ್ತಿ, ಅತ್ತೆಯ ಮುಖದ ಎದುರಿಗೆ ಮುಖವಿಟ್ಟು ನಿಂತಳು. ಎಲ್ಲರೂ ಅವಳ ಕೈ ನೋಡಿದರು. ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಳು.

“ಹಿಡ್ಕಳ್ರಿ,” ಅಂದಳು ಕೊನೆಗೆ.

ಚೇತನ್‌ಕುಮಾರ್ ಹಿಡಿದ. ಚಿಕ್ಕಪ್ಪನ ಮಗ ಹಿಡಿದ. ಇನ್ನಿಬ್ಬರು ಹಿಂದೆ ಹೆಗಲು ಕೊಟ್ಟರು. ಏನೂ ಆಗಲಿಲ್ಲ.

“ಸೊಸೆ ಕೈಲಿ ಬಿಡಿಸ್ಕಂಡ್ಲು ನೋಡ್ರಪ್ಪ,” ದೊಡ್ಡಪ್ಪ ಗದ್ಗದ ದನಿಯಲ್ಲಿ ಹೇಳಿ, ಹಿತ್ತಿಲಿನವರಿಗೆ ಗುದ್ದಲಿ ನಿಲ್ಲಿಸಲು ಕೂಗಿದ. ಮಮತಾ ಅವನನ್ನು ತಿದ್ದಲಿಲ್ಲ.

ಭಜನೆಯವರು ತಾಳ ಎತ್ತಿಕೊಂಡರು. ವಿಮಾನ ಅಂಗಳ ದಾಟಿತು, ಕಡಿದ ತೆಂಗಿನ ಬುಡಗಳ ನಡುವೆ ಹಾಯ್ದಿತು. ತೂಗುವ ತಂತಿಯ ನೆರಳಿಲ್ಲದ ಕಡೆಗೆ ಶಿವಗಂಗಮ್ಮ ಕೂತಲ್ಲಿಂದಲೇ ಹೊರಟಳು. ಹಿಂದೆ ಸರಪಣಿ ಕೆಸರಿನಲ್ಲಿ ಗೆರೆ ಕೊರೆಯುತ್ತ, ಕಲ್ಲು ಸಿಕ್ಕಲ್ಲಿ ಗಣಗಣಿಸುತ್ತ ಎಳೆದುಕೊಂಡು ಹೋಯಿತು. ದಿಬ್ಬ ಹತ್ತುವಾಗ ಅದರ ಸದ್ದು ತಾಳಕ್ಕಿಂತ ಮುಂದೆ ಕೇಳಿಸುತ್ತಿತ್ತು. ದಿಬ್ಬದಾಚೆ ಇನ್ನು ಬೇಕಾಗಿಲ್ಲ, ಬಿಚ್ಚಬಹುದು ಎಂದು ಮಮತಾ ಹೇಳಿದಳು. ಬಿಚ್ಚಲು ಯಾರಿಗೂ ಧೈರ್ಯ ಬರಲಿಲ್ಲ. ಗುಣಿಯ ಅಂಚಿನವರೆಗೂ ಸರಪಣಿ ಅವಳ ಹಿಂದೆ ಬಂತು.

*

ಮಧ್ಯಾಹ್ನ ಎಲ್ಲರೂ ಕಾಲು ತೊಳೆದುಕೊಂಡು, ದೀಪ ನೋಡಿ, ಚಪ್ಪಲಿ ಮೆಟ್ಟಿಕೊಂಡರು. ಖಾಲಿ ವಿಮಾನ ಮತ್ತೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲಿತ್ತು. ಬಾಡಿದ ಹೂವು ನೇತಾಡುತ್ತಿತ್ತು. ಅದನ್ನು ಬಾಗೂರಿಗೆ ಒಯ್ಯುವ ಗೂಡ್ಸ್ ಆಟೋ ಇನ್ನೂ ಬಂದಿರಲಿಲ್ಲ. ಸರಪಣಿಯನ್ನು ಯಾರೋ ಬಿಚ್ಚಿ ಮೂಲೆಗೆಸೆದಿದ್ದರು.

ಚೇತನ್‌ಕುಮಾರ್ ಟೀ ಲೋಟ ಹಿಡಿದು ಬಂದು, ವಿಮಾನದ ಪೈಪನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಇನ್ನೊಮ್ಮೆ ತಟ್ಟಿದ. ಆಮೇಲೆ ಅಂಗೈ ಇಟ್ಟು ಸವರಿದ.

“ನೋಡು, ಈಗೇನೂ ಇಲ್ಲ,” ಅಂದ ತಂಗಿಗೆ. ಅವನ ದನಿಯಲ್ಲಿ ಸಮಾಧಾನವಿತ್ತು. “ಅವ್ವ ಹೋದ್ಲು, ಅದೂ ಹೋತು.”

ಮಮತಾ ಅವನ ಕಾಲು ನೋಡಿದಳು. ಹೊಸ ಚಪ್ಪಲಿ, ದಪ್ಪ ರಬ್ಬರಿನ ಅಟ್ಟೆ. ಅವನು ಟೀ ಮುಗಿಸಿ, ಆ ಸರಪಣಿ ತೊಳೆದಿಟ್ಟರೆ ಮುಂದೆ ಆಕಳು ಕಟ್ಟಿದಾಗ ಬೇಕಾಗುತ್ತದೆ ಎಂದ.

“ಹೆಣದ ಹಿಂದೆ ಹೋಗಿ ಬಂದಿದ್ದು ದನಕ್ಕೆ ಕಟ್ತಾರೇನಪ್ಪ?” ಹೊನ್ನಕ್ಕ ಜಗಲಿಯಿಂದ ಅಂದಳು. “ಆ ಸರಪಣಿ ಇನ್ಯಾವ್ದಕ್ಕೂ ಬರಲ್ಲ. ಯಾರೂ ಮುಟ್ಟಂಗಿಲ್ಲ.”

ಹೌದೆಂದು ಚೇತನ್‌ಕುಮಾರ್ ತಲೆಯಾಡಿಸಿ ಒಳಗೆ ಹೋದ.

ಸುಮಾ ಹಿಡಿಪೊರಕೆಯಿಂದ ಹೂವು ಗುಡಿಸುತ್ತಿದ್ದಳು. ವಿಮಾನದಿಂದ ಒಂದು ಮಾರು ದೂರ ಬಿಟ್ಟು, ಅದರ ಸುತ್ತ ಸರಿಯಾದ ದುಂಡಗೆ ಗುಡಿಸಿಕೊಂಡು ಬಂದಳು. ಮೂಲೆ ತಲುಪಿದಾಗ ಪೊರಕೆ ಕೆಳಗಿಟ್ಟು ಸರಪಣಿ ಎತ್ತಿಕೊಂಡಳು. ಕೊಟ್ಟಿಗೆಯ ತಗಡಿನ ತೂತಿಗೆ ಅದರ ಕೊಂಡಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕೆಸರಿಗೆ ಬಿಟ್ಟು, ಕಾಣಿಸದಾಗುವವರೆಗೆ ಹಿಮ್ಮಡಿಯಿಂದ ತುಳಿದಳು. ಮೋಡ ಮತ್ತೆ ದಟ್ಟವಾಗುತ್ತಿತ್ತು. ಮೇಲೆ ತಂತಿಗಳು ಗುಂಯ್‌ಗುಟ್ಟತೊಡಗಿದವು. ಅವಳು ತಗಡಿಗೆ ಬೆನ್ನು ಕೊಟ್ಟು, ಮಳೆ ಬಿದ್ದರೂ ಅಲ್ಲೇ ನಿಂತಳು.